ನಂದಿ ಸಸಿ ಕಳೆಯಾಯಿತು, ಸಿಲ್ವರ್ ಬೆಳೆಯಾಯಿತು

ಕಾಫಿ ತೋಟದಲ್ಲಿ ಕಳೆ ಹೊಡೆಯುವಾಗ ಒಮ್ಮೆ ನಿಂತು ನೋಡಿ. ಹುಲ್ಲಿನ ಜೊತೆಗೆ ಮೊಣಕಾಲೆತ್ತರದ ನಂದಿ, ಹೊನ್ನೆ, ಮತ್ತಿ ಸಸಿಗಳೂ ಕತ್ತಿಗೆ ಹೋಗುತ್ತವೆ. ಕೈತಪ್ಪಿ ಅಲ್ಲ, ಬೇಕೆಂದೇ ಸವರುವುದು. ನಮ್ಮ ಬಳಗದಲ್ಲೂ ತೋಟದ ಮನೆಯವರಿದ್ದೇವೆ. ನಾವೂ ಸವರಿದ್ದೇವೆ.

ಕಾರಣ ಮಲೆನಾಡಿನವರಿಗೆ ಗೊತ್ತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮದೇ ಜಾಗದ ಮರವನ್ನೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಸಿಲ್ವರ್ ಓಕ್, ಗಾಳಿ ಮುಂತಾದ ಕೆಲವು ಮರಗಳಿಗೆ ಮಾತ್ರ ವಿನಾಯಿತಿ. ಹೊನ್ನೆ ಬೆಳೆಸಿದವನು ಮಗಳ ಮದುವೆಗೆ ಅಂತ ಒಂದು ಮರ ಮಾರಬೇಕಾದರೆ ಅರ್ಜಿ ಹಿಡಿದು ಅಲೆಯಬೇಕು. ಸಿಲ್ವರ್ ಬೆಳೆಸಿದವನ ಮನೆಗೆ ವ್ಯಾಪಾರಿಯೇ ಬರುತ್ತಾನೆ. ಎರಡು ಎಕರೆ ಇರುವವನು ಯಾವುದನ್ನು ನೆಡುತ್ತಾನೆ, ನೀವೇ ಹೇಳಿ. ಮರ ಉಳಿಸಲು ಬಂದ ಕಾಯ್ದೆಗೆ ಹೆದರಿ ನಾವು ಸಸಿಯನ್ನೇ ಮುಗಿಸುತ್ತಿದ್ದೇವೆ.

ಸಿಲ್ವರ್ ಕೆಟ್ಟ ಮರ ಅನ್ನುತ್ತಿಲ್ಲ. ಬೇಗ ಬೆಳೆಯುತ್ತದೆ, ನೆಟ್ಟಗೆ ಏಳುತ್ತದೆ, ಕಾಳುಮೆಣಸು ಹಬ್ಬಿಸಲು ಸಲೀಸು. ಆದರೆ ಆಸ್ಟ್ರೇಲಿಯಾದಿಂದ ಬಂದ ಆ ಮರದಲ್ಲಿ ಮಂಗಟ್ಟೆಗೆ ತಿನ್ನಲು ಹಣ್ಣಿಲ್ಲ. ಅತ್ತಿ, ಬಸರಿ, ಗೋಣಿ ಇದ್ದರೆ ಮಂಗಟ್ಟೆ, ಪುನುಗು ಬೆಕ್ಕು ಬರುತ್ತವೆ, ಕಾಡಿನ ಬೀಜ ಹರಡುತ್ತವೆ. ಮೆಣಸಿನ ಬಳ್ಳಿ ಹಲಸಿಗೂ ಹಬ್ಬುತ್ತದೆ, ಹಲಸಿನ ಫಸಲು ಬೇರೆ. ತೋಟದ ತುಂಬ ಒಂದೇ ಜಾತಿ ಮರ ನಿಂತರೆ, ಅದಕ್ಕೊಂದು ರೋಗ ಬಂದ ದಿನ ನೆರಳೂ ಹೋಯಿತು, ದುಡ್ಡೂ ಹೋಯಿತು.

ಶ್ರೀಗಂಧದ ಕಥೆ ನೆನಪಿಸಿಕೊಳ್ಳಿ. ಹಿಂದೆ ಹೊಲದಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದೇ ಆಗಿತ್ತು. ಸಸಿ ಕಂಡರೆ ರೈತನಿಗೆ ಭಯ. 2001ರ ತಿದ್ದುಪಡಿ ಜಮೀನಿನ ಮಾಲೀಕನನ್ನೇ ಗಂಧದ ಮಾಲೀಕ ಮಾಡಿತು. ಮಾರಾಟಕ್ಕೆ ಕಟ್ಟುಪಾಡು ಈಗಲೂ ಇದೆ. ಆದರೂ ರೈತರು ದುಡ್ಡು ಕೊಟ್ಟು ಸಸಿ ತಂದು ನೆಡುತ್ತಿದ್ದಾರೆ.

ನಾಡು ಮರಗಳಿಗೂ ಇದೇ ದಾರಿ ಬೇಕು. ಬೆಳೆಸಿದ ಮರವನ್ನು ರೈತ ನೋಂದಾಯಿಸಲಿ. ಬಲಿತದ್ದನ್ನು ಒಂದೊಂದಾಗಿ ಕಡಿಯಲು, ಅದರ ಬದಲು ನೆಡುವ ಷರತ್ತಿನ ಮೇಲೆ, ಇಂತಿಷ್ಟು ದಿನದೊಳಗೆ ಅನುಮತಿ ಸಿಗಲಿ. ಇಡೀ ತೋಟ ಬೋಳಿಸುವವರಿಗೆ ಬಿಗಿ ಹಾಗೇ ಇರಲಿ.

ಅಲ್ಲಿಯವರೆಗೆ ನಮ್ಮ ಕೈಲಾಗುವುದೂ ಇದೆ. ಮುಂದಿನ ಸಲ ಕಳೆ ಹೊಡೆಸುವ ಮುಂಚೆ ಎಕರೆಗೆ ನಾಲ್ಕೈದು ನಾಡು ಸಸಿ ಆರಿಸಿ, ಪಕ್ಕದಲ್ಲಿ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿ. ಆಳುಗಳಿಗೆ ಹೇಳಿಬಿಡಿ: ಇದು ಕಳೆ ಅಲ್ಲ.