ರಕ್ತ ನುಡಿಯುವ ಭವಿಷ್ಯ

ಕವಿತಾಳದ ರಸ್ತೆಯಲ್ಲಿ ದ್ವಿಚಕ್ರ ವಾಹನದಿಂದ ಬಿದ್ದು, ತಲೆಗೆ ಬಲವಾದ ಪೆಟ್ಟು ತಗುಲಿ ಪ್ರಜ್ಞೆ ತಪ್ಪಿದವನನ್ನು ರಾಯಚೂರಿನ ಆಸ್ಪತ್ರೆಗೆ ಒಯ್ದರೆ, ಬಾಗಿಲಲ್ಲಿ ನಿಂತ ಬಂಧುಗಳು ವೈದ್ಯರನ್ನು ಕೇಳುವ ಪ್ರಶ್ನೆ ಒಂದೇ: “ಉಳೀತಾನೇನ್ರಿ?”

ಉತ್ತರ ಸುಲಭವಲ್ಲ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೂಪಿಸಿದ ಅಳತೆಗೋಲು, ರೋಗಿ ಕಣ್ತೆರೆಯುವ, ಮಾತನಾಡುವ, ಕೈಕಾಲು ಆಡಿಸುವ ರೀತಿಗೆ 3ರಿಂದ 15ರವರೆಗೆ ಅಂಕ ನೀಡುತ್ತದೆ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆಟ್ಟು ತೀವ್ರವೆಂದೇ ಅರ್ಥ. ಈಚೆಗೆ ಇದಕ್ಕೆ ರಕ್ತದ ಸಾಕ್ಷ್ಯವೂ ಕೂಡಿದೆ. ಮಿದುಳಿನ ಜೀವಕೋಶಗಳು ಒಡೆದಾಗ ಅವುಗಳೊಳಗಿನ ಜಿ.ಎಫ್.ಎ.ಪಿ. ಮುಂತಾದ ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ಮೊದಲ ದಿನವೇ ಅವುಗಳ ಪ್ರಮಾಣ ಬಹಳವಾಗಿ ಏರಿದ್ದರೆ ಸಾವಿನ ಭಯ ಹೆಚ್ಚೆಂದು 2022ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ತೋರಿಸಿತು. ಬದುಕಿದವನು ಪೂರ್ಣವಾಗಿ ಚೇತರಿಸಿಕೊಳ್ಳುವನೇ ಎಂಬುದನ್ನು ಮಾತ್ರ ರಕ್ತವು ಅಷ್ಟು ಖಚಿತವಾಗಿ ಹೇಳಲಾರದು.

ಆದುದರಿಂದ ರಕ್ತಪರೀಕ್ಷೆ ಎಚ್ಚರಿಕೆಯೇ ಹೊರತು ತೀರ್ಪಲ್ಲ. ಅಂಕಿಯೊಂದನ್ನು ಕೇಳಿ ಆಸೆ ಬಿಟ್ಟು, ಉಸಿರಿರುವವನನ್ನು ಮನೆಗೊಯ್ಯುವುದು ತರವಲ್ಲ. ಉಸಿರಾಟವನ್ನೂ ರಕ್ತದೊತ್ತಡವನ್ನೂ ಹಗಲಿರುಳು ಕಾಯುವ ಶುಶ್ರೂಷೆಯ ಮೇಲೆಯೂ ಅವನ ಬಾಳು ನಿಂತಿರುತ್ತದೆ.