ಮರಕೈಬೊ ತೀರದವರ ಋಣ

ಮಿದುಳನ್ನು ಕ್ರಮೇಣ ಹಾಳುಗೆಡವುವ ಆನುವಂಶಿಕ ಹಂಟಿಂಗ್ಟನ್ ಕಾಯಿಲೆ ಉಲ್ಬಣಿಸುವ ವೇಗವನ್ನು ನಮ್ಮ ಮದ್ದಿನಿಂದ ಮೂರು ವರ್ಷಗಳಲ್ಲಿ ಶೇ 75ರಷ್ಟು ತಗ್ಗಿಸಿದ್ದೇವೆ ಎಂದು ಯುನಿಕ್ಯೂರ್ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಪ್ರಯೋಗದಲ್ಲಿದ್ದವರು ಬೆರಳೆಣಿಕೆಯ ರೋಗಿಗಳು, ಹೋಲಿಕೆಗೆ ಬಳಸಿದ್ದು ಬೇರೆ ರೋಗಿಗಳ ದಾಖಲೆ. ಹಾಗಾಗಿ ಸಂಭ್ರಮಕ್ಕೆ ಇನ್ನೂ ಸಮಯವಿದೆ. ಆದರೆ ಒಂದು ಪ್ರಶ್ನೆಗೆ ಕಾಯಬೇಕಿಲ್ಲ: ಯಾರ ರಕ್ತದಿಂದ ಈ ರೋಗದ ಗುಟ್ಟು ಬಯಲಾಯಿತೋ ಅವರಿಗೆ ಮದ್ದು ಸಿಗುವುದು ಯಾವಾಗ?

ಈ ಪ್ರಶ್ನೆಯ ಬೇರು ಲಾಸ್ ಏಂಜಲೀಸ್‌ನ ಒಂದು ಕುಟುಂಬದಲ್ಲಿದೆ. 1968ರ ಒಂದು ಬೆಳಿಗ್ಗೆ ಆ ನಗರದ ರಸ್ತೆ ದಾಟುತ್ತಿದ್ದ ಲಿಯನೋರ್ ವೆಕ್ಸ್ಲರ್ ಅವರ ತೂರಾಡುವ ನಡಿಗೆ ಕಂಡು ಪೊಲೀಸನೊಬ್ಬ, ಇಷ್ಟು ಬೇಗ ಕುಡಿದಿದ್ದೀರಲ್ಲ ಎಂದು ಗದರಿದ. ಅವರು ಕುಡಿದಿರಲಿಲ್ಲ. ಹಣ್ಣುನೊಣಗಳ ಮೇಲೆ ಅಧ್ಯಯನ ಮಾಡಿ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದವರು ಆಕೆ. ತಂದೆಯನ್ನೂ ಮೂವರು ಅಣ್ಣಂದಿರನ್ನೂ ಬಲಿ ಪಡೆದ ಹಂಟಿಂಗ್ಟನ್ ಈಗ ಆಕೆಯನ್ನೂ ಹಿಡಿದಿತ್ತು. ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಮನೋವಿಶ್ಲೇಷಕರಾಗಿದ್ದ ಮಿಲ್ಟನ್ ವೆಕ್ಸ್ಲರ್ ತಮ್ಮ ಹಾಗೂ ಲಿಯನೋರ್ ಅವರ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು.

ಕಿರಿಯ ಮಗಳು ನ್ಯಾನ್ಸಿ ತನ್ನ ಇಡೀ ಬದುಕನ್ನು ಈ ಕಾಯಿಲೆಯ ಬೆನ್ನಟ್ಟಲು ಮುಡಿಪಿಟ್ಟರು.

ಮಿಲ್ಟನ್ ಅದೇ ವರ್ಷ ಪ್ರತಿಷ್ಠಾನವೊಂದನ್ನು ಕಟ್ಟಿದರು. ಹಾಲಿವುಡ್ ಮತ್ತು ಬರ್ಬ್ಯಾಂಕ್ ಸ್ಟುಡಿಯೊಗಳ ಆ ಸೀಮೆಯಲ್ಲಿ ಅವರ ಬಳಿ ಬರುತ್ತಿದ್ದವರಲ್ಲಿ ಸಿನಿಮಾ ಮಂದಿ ಬಹಳ. ನೆರವಿಗೂ ಅವರೇ ಒದಗಿದರು. ಪ್ರತಿಷ್ಠಾನದ ಕಮ್ಮಟಗಳಲ್ಲಿ ಸ್ಲೈಡುಗಳಿಗೆ ಅವಕಾಶವಿರಲಿಲ್ಲ. ಯುವ ವಿಜ್ಞಾನಿಗಳು ತಮಗೆ ಗೊತ್ತಿಲ್ಲದ್ದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಡಿಎನ್‌ಎಯ ಗುರುತುಗಳನ್ನು ಹಿಡಿದು ಜೀನ್‌ನ ಜಾಡು ಪತ್ತೆ ಮಾಡಬಹುದು ಎಂಬ ಹೊಸ ವಿಚಾರ 1979ರಲ್ಲಿ ಇಂಥ ಒಂದು ಕಮ್ಮಟದಲ್ಲೇ ಬಲ ಪಡೆಯಿತು. ಅದಕ್ಕೆ ಬೇಕಿದ್ದದ್ದು ಒಂದು ದೊಡ್ಡ ವಂಶವೃಕ್ಷ.

ಅದು ವೆನೆಜುವೆಲಾದ ಮರಕೈಬೊ ಸರೋವರದ ತೀರದಲ್ಲಿತ್ತು. ಅಲ್ಲಿನ ಬಡ ಮೀನುಗಾರರಲ್ಲಿ ಈ ರೋಗ ವ್ಯಾಪಕವಾಗಿರುವುದನ್ನು ಸ್ಥಳೀಯ ವೈದ್ಯ ಅಮೆರಿಕೊ ನೆಗ್ರೆಟೆ 1955ರಲ್ಲೇ ದಾಖಲಿಸಿದ್ದರು. ನ್ಯಾನ್ಸಿ 1979ರಲ್ಲಿ ಅಲ್ಲಿಗೆ ಹೋದರು. ಆಮೇಲೆ ಎರಡು ದಶಕ ಆ ಕೇರಿಗಳ ನಂಟು ಬಿಡಲಿಲ್ಲ. ರಕ್ತ, ಚರ್ಮದ ಚೂರು ಕೊಡಲು ಜನ ಹಿಂಜರಿದಾಗ ನರ್ಸ್ ಫಿಡೆಲಾ ಗೊಮೆಜ್ ಅವರು ನ್ಯಾನ್ಸಿಯ ತೋಳನ್ನೇ ಎತ್ತಿ ತೋರಿಸಿದರು: ಈಕೆಯೂ ಕೊಟ್ಟಿದ್ದಾಳೆ, ಕಲೆ ನೋಡಿ, ಈಕೆಯ ತಾಯಿಗೂ ಇದೇ ಕಾಯಿಲೆ. ಆ ಕಲೆಯೇ ಜನರ ನಂಬಿಕೆ ಗಳಿಸಿತು. ಹದಿನೆಂಟು ಸಾವಿರಕ್ಕೂ ಹೆಚ್ಚು ಮಂದಿಯ ವಂಶಾವಳಿ ಸಿದ್ಧವಾಯಿತು, ನಾಲ್ಕು ಸಾವಿರಕ್ಕೂ ಹೆಚ್ಚು ರಕ್ತದ ಮಾದರಿಗಳು ಕೂಡಿದವು. 1983ರಲ್ಲಿ ವಿಜ್ಞಾನಿ ಜೇಮ್ಸ್ ಗುಸೆಲ್ಲಾ ಈ ಜೀನ್ ನಾಲ್ಕನೇ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. 1993ರಲ್ಲಿ ಜೀನ್ ಕೈಗೆ ಸಿಕ್ಕಿತು. ಸಿಎಜಿ ಎಂಬ ಮೂರಕ್ಷರಗಳು ಅದರಲ್ಲಿ ನಲವತ್ತು ಸಲ ಅಥವಾ ಅದಕ್ಕಿಂತ ಹೆಚ್ಚು ಮರುಕಳಿಸಿದ್ದರೆ, ಸಹಜ ಆಯುಸ್ಸು ಬದುಕಿದವರಲ್ಲಿ ರೋಗ ಬಂದೇ ಬರುತ್ತದೆ.

ಅಲ್ಲಿಂದ ಮದ್ದಿನ ಹುಡುಕಾಟ ಸ್ಯಾನ್ ಡಿಯಾಗೊ ಕಡೆಗೂ ಹೊರಳಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲ್ಲಿನ ಕ್ಯಾಂಪಸ್ಸಿನಲ್ಲಿ ಡಾನ್ ಕ್ಲೀವ್‌ಲ್ಯಾಂಡ್ ತಂಡ, ಆ ಜೀನ್‌ನಿಂದ ಹುಟ್ಟುವ ಕೆಟ್ಟ ಪ್ರೋಟೀನಿನ ಸಂದೇಶವನ್ನೇ ಅಳಿಸುವ ಕೃತಕ ಡಿಎನ್‌ಎ ಎಳೆಗಳಿಂದ ಇಲಿಗಳಲ್ಲಿ ಸುಧಾರಣೆಯಾದುದನ್ನು 2012ರಲ್ಲಿ ವರದಿ ಮಾಡಿತು. ಸಮೀಪದ ಕಾರ್ಲ್ಸ್‌ಬ್ಯಾಡ್‌ನ ಅಯೋನಿಸ್ ಕಂಪನಿ ಇದೇ ಬಗೆಯ ಟೊಮಿನರ್ಸೆನ್ ಔಷಧವನ್ನು ರೂಪಿಸಿತು. ರೋಶ್ ಕಂಪನಿ ನಡೆಸುತ್ತಿದ್ದ ಅದರ ದೊಡ್ಡ ಪ್ರಯೋಗ 2021ರ ಮಾರ್ಚ್‌ನಲ್ಲಿ ನಿಂತಿತು. ಸೋಲು ಕಹಿಯಾಗಿದ್ದರೂ ಆ ದಾರಿ ಮುಚ್ಚಿಲ್ಲ.

ಸಂಕಟವಿರುವುದು ಇನ್ನೊಂದು ಕಡೆ. ಮರಕೈಬೊದಲ್ಲಿ ನ್ಯಾನ್ಸಿ ತಂಡ 1999ರಲ್ಲಿ ತೆರೆದ ಆರೈಕೆ ಮನೆ ಉಳಿಯಲಿಲ್ಲ. ದೇಶದ ಆರ್ಥಿಕ ಕುಸಿತದಲ್ಲಿ ಆ ಕುಟುಂಬಗಳಿಗೆ ಹೊಟ್ಟೆ ತುಂಬಿಸಿಕೊಳ್ಳುವುದೇ ಕಷ್ಟವಾಯಿತು. ಯುನಿಕ್ಯೂರ್‌ನ ಮದ್ದನ್ನಾದರೋ ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ನಡೆಸಿ ಮಿದುಳಿನ ಆಳಕ್ಕೆ ಸೇರಿಸಬೇಕು. ಆ ತೀರದ ಮೀನುಗಾರನಿಗೆ ಇದು ಎಟುಕುವ ಮಾತೇ? ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಋಣ ಇಷ್ಟು ಕಾಲ ಬಾಕಿ ಉಳಿದ ಉದಾಹರಣೆಗಳು ಕಡಿಮೆ ಎಂದೇ ಹೇಳಬೇಕು.

ಕರ್ನಾಟಕಕ್ಕೂ ಇದು ದೂರದ ಕಥೆಯಲ್ಲ. ಹಂಟಿಂಗ್ಟನ್ ಕುಟುಂಬಗಳು ನಿಮ್ಹಾನ್ಸ್‌ಗೂ ಬರುತ್ತವೆ. ಹೆಣ್ಣು-ಗಂಡು ನೋಡುವ ಮಾತು ಎದ್ದಾಗ ಮನೆತನದ ಕಾಯಿಲೆಯನ್ನು ಬಚ್ಚಿಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಮರಕೈಬೊದಂತೆ ಹಳ್ಳಿಗರ ರಕ್ತ ಪಡೆಯುವ ಸಂಶೋಧನೆಯೂ ಇಲ್ಲಿದೆ: ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಮಿದುಳು ಸಂಶೋಧನಾ ಕೇಂದ್ರ, 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ದೀರ್ಘಕಾಲ ಗಮನಿಸುವ ಅಧ್ಯಯನಕ್ಕೆ ಇಳಿದಿದೆ. ಮರೆಗುಳಿತನದ ಕಾರಣ ಹುಡುಕುವ ಇಂಥ ಕೆಲಸ ಬೇಕೇ ಬೇಕು. ಆದರೆ ರಕ್ತ ಕೊಟ್ಟ ರೈತನಿಗೆ ಏನು ಮರಳುತ್ತದೆ ಎಂಬುದು ಒಪ್ಪಿಗೆ ಪತ್ರದಲ್ಲೇ, ಅವನಿಗೆ ತಿಳಿಯುವ ಮಾತಿನಲ್ಲಿ ಇರಬೇಕು. ಇಂಥ ಅಧ್ಯಯನಗಳಿಂದ ಔಷಧ ಹುಟ್ಟಿದರೆ ಆ ತಾಲ್ಲೂಕುಗಳಿಗೆ ಯಾವ ದರದಲ್ಲಿ ಸಿಗಬೇಕೆಂಬುದನ್ನು ಸರ್ಕಾರ ಮೊದಲೇ ಗೊತ್ತುಪಡಿಸಬೇಕು.

ತಮಗೂ ಹಂಟಿಂಗ್ಟನ್ ಇದೆ ಎಂದು ನ್ಯಾನ್ಸಿ 2020ರಲ್ಲಿ, 74ನೇ ವಯಸ್ಸಿನಲ್ಲಿ, ಬಹಿರಂಗವಾಗಿ ಹೇಳಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾದ ಅವರಿಗೆ ನ್ಯೂಯಾರ್ಕ್‌ನ ಆಸ್ಪತ್ರೆಗಳು ಹತ್ತಿರದಲ್ಲಿವೆ. ಅವರ ತೋಳಿನ ಕಲೆ ನಂಬಿ ರಕ್ತ ಕೊಟ್ಟವರ ಮಕ್ಕಳಿಗೂ ಅದೇ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು, ಆ ಜೀನ್‌ನ ಆಧಾರದ ಮೇಲೆ ಔಷಧ ರೂಪಿಸುತ್ತಿರುವ ಪ್ರತಿ ಕಂಪನಿಯ ಹೊಣೆ.