ಶಸ್ತ್ರಚಿಕಿತ್ಸೆಯ ನಂತರದ ಹಾದಿಗೆ ಜೊತೆಗಾರರು ಬೇಕು

ಕಳೆದ ವರ್ಷ ನಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬದ ಊಟದ ಪಂಕ್ತಿಯಲ್ಲಿ ಕಂಡ ಒಂದು ದೃಶ್ಯ ಇಂದಿನ ಈ ಬರಹಕ್ಕೆ ಪ್ರೇರಣೆಯಾಗಿದೆ. ನಮ್ಮೆದುರು ಕುಳಿತಿದ್ದ ಸಹೋದರಿಯೊಬ್ಬರ ತಟ್ಟೆಯಲ್ಲಿದ್ದುದು ಅರ್ಧ ಸನ್ನ, ಎರಡು ತುಂಡು ಕೋಳಿಮಾಂಸ ಮಾತ್ರ. ಒಂದೊಂದು ತುತ್ತನ್ನೂ ಅವರು ಬಹಳ ಹೊತ್ತು ಅಗಿದು ನುಂಗುತ್ತಿದ್ದರು. ಬಡಿಸುವವರು ಬಂದು, "ಇಷ್ಟೇ ಸಾಕೇ? ಹಬ್ಬದ ಊಟ ರುಚಿಸಲಿಲ್ಲವೇ?" ಎಂದು ಕೇಳಿದರು. ಪಕ್ಕದಲ್ಲಿದ್ದ ಬಂಧುವೊಬ್ಬರು, ಬೇಡವೆಂದರೂ ಬಿಡದೆ, ಹಂದಿಮಾಂಸದ ಪದಾರ್ಥವನ್ನು ತಟ್ಟೆಗೆ ಸುರಿದರು. ಹಿಂದಿನ ಸಾಲಿನಿಂದ ಇನ್ನೊಂದು ದನಿ ಕೇಳಿಬಂತು: "ಎಷ್ಟು ಇಳಿದುಹೋಗಿದ್ದೀರಿ! ಏನು ಕಾಯಿಲೆ?" ಆ ಸಹೋದರಿ ನಕ್ಕು, "ಏನೋ ಗ್ಯಾಸ್ಟ್ರಿಕ್" ಎಂದರು. ಬಳಿಕ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದುಹೋದರು.

ತಿಂಗಳೊಂದು ಕಳೆದ ಮೇಲೆ ಅವರೇ ನಮ್ಮೊಡನೆ ನಿಜವನ್ನು ಹೇಳಿಕೊಂಡರು. ಹಬ್ಬಕ್ಕೆ ಎಂಟು ತಿಂಗಳ ಮೊದಲು ಅವರು ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಗಂಡ ಮತ್ತು ತಾಯಿಯ ಹೊರತು ಯಾರಿಗೂ ಅದು ತಿಳಿದಿರಲಿಲ್ಲ. "ಆಪರೇಷನ್ನಿನ ನೋವು ಕೆಲವೇ ದಿನಗಳಲ್ಲಿ ಹೋಯಿತು. ಸಿಕ್ಕಿದವರಿಗೆಲ್ಲ ಸುಳ್ಳು ಹೇಳಬೇಕಾದ ನೋವು ಇನ್ನೂ ಹೋಗಿಲ್ಲ" ಎಂದು ಅವರು ಆಡಿದ ಮಾತು ನಮ್ಮನ್ನು ಬಹಳವಾಗಿ ಕಾಡಿತು. ಅವರ ಒಪ್ಪಿಗೆಯನ್ನು ಪಡೆದೇ ಇಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮನೆಗೆ ಬಂದ ಮೇಲೆಯೇ ಆರಂಭ

ಅತಿಯಾದ ಬೊಜ್ಜು ಇಂದು ಕೇವಲ ಸಿರಿವಂತರ ಮನೆಯ ಸಮಸ್ಯೆಯಾಗಿ ಉಳಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನವರಲ್ಲಿ ಮಹಿಳೆಯರ ಪೈಕಿ ಶೇ. 24 ಮಂದಿ, ಪುರುಷರ ಪೈಕಿ ಸುಮಾರು ಶೇ. 23 ಮಂದಿ ಮಿತಿಮೀರಿದ ತೂಕವುಳ್ಳವರು. ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಮೊಣಕಾಲಿನ ಸವೆತ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇವೆಲ್ಲ ಅದರ ಹಿಂದೆಯೇ ಬರುತ್ತವೆ. ಪಥ್ಯ, ವ್ಯಾಯಾಮ, ಔಷಧಿಗಳಿಂದ ಫಲ ಸಿಗದಿದ್ದಾಗ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು 1966ರಲ್ಲಿ ಆರಂಭಿಸಿದ ಈ ಬಗೆಯ ಚಿಕಿತ್ಸೆ ಇಂದು ನಮ್ಮ ರಾಜ್ಯದ ದೊಡ್ಡ ನಗರಗಳಲ್ಲಿಯೂ ಲಭ್ಯವಿದೆ. 'ಸ್ಲೀವ್' ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗಕ್ಕಿಂತಲೂ ಹೆಚ್ಚನ್ನು ತೆಗೆದುಹಾಕುತ್ತಾರೆ. 'ಬೈಪಾಸ್' ವಿಧಾನದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ರಚಿಸಿ, ಅದನ್ನು ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ.

ಎರಡು ಮೂರು ಗಂಟೆಗಳಲ್ಲಿ ಇದು ಮುಗಿಯುತ್ತದೆ. ಆದರೆ ನಿಜವಾದ ಹಾದಿ ಆರಂಭವಾಗುವುದು ಮನೆಗೆ ಬಂದ ಮೇಲೆ. ಮೊದಲು ಕೆಲವು ವಾರ ದ್ರವಾಹಾರ, ಬಳಿಕ ಅರೆದ ಆಹಾರ, ನಂತರ ಮೃದು ಆಹಾರ, ಆಮೇಲಷ್ಟೇ ಗಟ್ಟಿ ಊಟ. ಊಟದ ನಡುವೆ ನೀರು ಕುಡಿಯುವಂತಿಲ್ಲ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನು ಆ ಸಣ್ಣ ತಟ್ಟೆಯಿಂದಲೇ ದೊರಕಬೇಕು. ವಿಟಮಿನ್ ಬಿ-12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವುಗಳನ್ನು ವೈದ್ಯರು ಹೇಳಿದಂತೆ ಜೀವಮಾನವಿಡೀ ಸೇವಿಸಬೇಕು. ಮೂರು ನಾಲ್ಕು ತಿಂಗಳಲ್ಲಿ ಕೂದಲು ಉದುರತೊಡಗುತ್ತದೆ. ಸಾಮಾನ್ಯವಾಗಿ ಅದು ಮತ್ತೆ ಬೆಳೆಯುತ್ತದೆಯೆಂದು ಮೊದಲೇ ತಿಳಿಯದವರು ಭಯಪಡುತ್ತಾರೆ. ವಿಶೇಷವಾಗಿ ಬೈಪಾಸ್ ಆದವರು ಸಿಹಿಯನ್ನು ಹೆಚ್ಚಾಗಿ ತಿಂದರೆ ಬೆವರು, ಎದೆಬಡಿತ, ತಲೆಸುತ್ತು ಬರುವುದುಂಟು. ಕ್ರಿಸ್ಮಸ್ ಕುಸ್ವಾರಿನ ತಟ್ಟೆಯನ್ನು ಹಿಡಿದು ಒತ್ತಾಯಿಸುವ ನಮಗೆ ಇದು ತಿಳಿದಿರುವುದಿಲ್ಲ. ಒಂದು ನೆವ್ರಿ, ಎರಡು ಕಿಡಿಯೊ ತಿಂದರೆ ಏನಾದೀತು ಎನ್ನುತ್ತೇವೆ.

ಪ್ರೀತಿ ಮತ್ತು ಊಟ

ನಮ್ಮ ಮನೆಗಳಲ್ಲಿ ಪ್ರೀತಿ ಮಾತಿನಲ್ಲಿ ಪ್ರಕಟವಾಗುವುದಕ್ಕಿಂತ ಊಟದಲ್ಲಿ ಪ್ರಕಟವಾಗುವುದೇ ಹೆಚ್ಚು. ತೆನೆಹಬ್ಬದ ದಿನ ಹೊಸ ಅಕ್ಕಿಯನ್ನು ಇಡೀ ಕುಟುಂಬ ಒಟ್ಟಿಗೆ ಕುಳಿತು ಉಣ್ಣುತ್ತದೆ. ದೂರದಲ್ಲಿರುವವರ ಪಾಲನ್ನು ಎತ್ತಿಡುವ ಮನೆಗಳೂ ಇವೆ. ರೋಸ್, ಮದುವೆ, ಪ್ರಥಮ ಪರಮಪ್ರಸಾದ, ತಿಂಗಳ ಬಲಿಪೂಜೆ ಹೀಗೆ ಸುಖದುಃಖಗಳೆಲ್ಲದರಲ್ಲಿಯೂ ಎಲೆ ಹಾಸಲಾಗುತ್ತದೆ. ಇದು ನಮ್ಮ ಸಂಸ್ಕೃತಿಯ ಸಿರಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಸಿರಿಯೇ ಶಸ್ತ್ರಚಿಕಿತ್ಸೆಯಾದವರಿಗೆ ಪರೀಕ್ಷೆಯಾಗಿಬಿಡುತ್ತದೆ. ಮಗಳು ಊಟ ಬೇಡವೆಂದಾಗ ತಾಯಿಗೆ ತನ್ನನ್ನೇ ಬೇಡವೆಂದಂತಾಗುತ್ತದೆ. ಆ ಸಹೋದರಿಯ ಮನೆಯಲ್ಲಿ ಆದದ್ದೂ ಇದೇ. ವಿಷಯವನ್ನು ತಿಳಿದಿದ್ದ ತಾಯಿಯೇ, ಮಗಳು ಸೊರಗಿದಳೆಂದು ಮರುಗಿ, ಗಂಜಿಗೆ ತುಪ್ಪ ಬೆರೆಸಿ ಕೊಡುತ್ತಿದ್ದರಂತೆ. ವಾಂತಿಯಾದಾಗ ಇಬ್ಬರೂ ಅಳುತ್ತಿದ್ದರಂತೆ.

ಗಂಡಸರ ಪಾಡು ಇನ್ನೊಂದು ಬಗೆಯದು. ರೋಸ್ ಸಮಾರಂಭದಲ್ಲಿ ಶುಭಾಶಯ ಕೋರಿ ಲೋಟ ಎತ್ತಿದಾಗ ಹಿಂಜರಿಯುವುದು ನಮ್ಮಲ್ಲಿ ಸುಲಭವಲ್ಲ. ಈ ಚಿಕಿತ್ಸೆಯ ನಂತರ ಮದ್ಯವು ಬೇಗನೆ ರಕ್ತಕ್ಕೆ ಸೇರುತ್ತದೆ. ಹಿಂದೆ ಏನೂ ಅನಿಸದಷ್ಟು ಪ್ರಮಾಣವೇ ಈಗ ಅಮಲೇರಿಸುತ್ತದೆ. ಬೈಪಾಸ್ ಆದವರಲ್ಲಿ ಎರಡನೆಯ ವರ್ಷ ಕುಡಿತದ ಸಮಸ್ಯೆ ಹೆಚ್ಚುವುದನ್ನು 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ದಾಂಪತ್ಯಕ್ಕೂ ಈ ಬದಲಾವಣೆಯ ಬಿಸಿ ತಟ್ಟದೆ ಇರುವುದಿಲ್ಲ. ಸ್ವೀಡನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಚಿಕಿತ್ಸೆ ಪಡೆದ ಅವಿವಾಹಿತರಲ್ಲಿ ಹೊಸ ಸಂಬಂಧಗಳು ಹೆಚ್ಚಿದರೆ, ಈಗಾಗಲೇ ಸಂಬಂಧದಲ್ಲಿದ್ದವರಲ್ಲಿ ಅಗಲಿಕೆಯೂ ಹೆಚ್ಚಿತ್ತು. ಒಬ್ಬರ ಆತ್ಮವಿಶ್ವಾಸ ಬೆಳೆಯುವಾಗ ಇನ್ನೊಬ್ಬರಿಗೆ ಕಳವಳ ಹುಟ್ಟುವುದು ಸಹಜ. ಅದನ್ನು ಕುಳಿತು ಮಾತನಾಡಿ ಬಗೆಹರಿಸದಿದ್ದರೆ ಬಿರುಕು ಹಿರಿದಾಗುತ್ತದೆ.

ಗುಟ್ಟಿಗೆ ಕಾರಣ ನಾವೇ

ಇಷ್ಟೆಲ್ಲ ಇದ್ದರೂ ಈ ಚಿಕಿತ್ಸೆಯನ್ನು ಗುಟ್ಟಾಗಿಡುವುದೇಕೆ? ತೀರ್ಪು ನೀಡಲು ನಾವು ಸದಾ ಸಿದ್ಧರಾಗಿರುವುದೇ ಅದಕ್ಕೆ ಕಾರಣ. ದಪ್ಪಗಿರುವವರನ್ನು ಹೊಟ್ಟೆಬಾಕರೆನ್ನುತ್ತೇವೆ; ಚಿಕಿತ್ಸೆ ಪಡೆದರೆ ಸುಲಭದ ದಾರಿ ಹಿಡಿದರೆನ್ನುತ್ತೇವೆ. ದೇವರು ಕೊಟ್ಟ ದೇಹವನ್ನು ಕತ್ತರಿಸಬಹುದೇ ಎಂದು ಕೇಳುವವರೂ ಇದ್ದಾರೆ. ಇಡೀ ದೇಹದ ಒಳಿತಿಗಾಗಿ ಒಂದು ಅಂಗವನ್ನು ಬಿಟ್ಟುಕೊಡುವುದು ನ್ಯಾಯಸಮ್ಮತವೆಂದು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1952ರಲ್ಲಿಯೇ ಬೋಧಿಸಿರುವುದರಿಂದ, ಆ ಪ್ರಶ್ನೆಯನ್ನು ಇಂದು ಮತ್ತೆ ಎತ್ತಬೇಕಾಗಿಲ್ಲ.

ಅತಿಭೋಜನವು ಏಳು ಮೂಲ ಪಾಪಗಳಲ್ಲಿ ಒಂದೆಂಬುದು ನಿಜ. ಆದರೆ ತೂಕವನ್ನು ನೋಡಿ ಪಾಪವನ್ನು ಅಳೆಯುವ ಅಧಿಕಾರವನ್ನು ಯಾರೂ ನಮಗೆ ಕೊಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸ್ಥೂಲಕಾಯವನ್ನು ದೀರ್ಘಕಾಲದ ಕಾಯಿಲೆಯೆಂದು ಪರಿಗಣಿಸುತ್ತದೆ. ವಂಶವಾಹಿ, ಹಾರ್ಮೋನು, ಔಷಧಿ, ಜೀವನಕ್ರಮ ಎಲ್ಲವೂ ಅದರಲ್ಲಿ ಪಾಲುಗೊಂಡಿರುತ್ತವೆ. 2025ರಲ್ಲಿ ನಮ್ಮನ್ನಗಲಿದ ಪೋಪ್ ಫ್ರಾನ್ಸಿಸ್‌ರವರು 2024ರ ಜನವರಿಯಲ್ಲಿ ಅತಿಭೋಜನದ ಕುರಿತು ನೀಡಿದ ಬೋಧನೆಯಲ್ಲಿ, ಆಹಾರದೊಡನೆ ಕೆಡುವ ಸಂಬಂಧದ ಹಿಂದೆ ಅನೇಕ ವೇಳೆ ಮನಸ್ಸಿನ ನೋವು ಇರುವುದನ್ನು ಗುರುತಿಸಿದ್ದರು. ನೋವಿರುವಲ್ಲಿಗೆ ನಾವು ಕೊಂಡೊಯ್ಯಬೇಕಾದುದು ಸಾಂತ್ವನವನ್ನು.

ಗುಟ್ಟಿನಿಂದ ಆಗುವ ಹಾನಿ ಸಣ್ಣದಲ್ಲ. ಗುಟ್ಟಾಗಿಟ್ಟವರು ಬಂಧುಗಳೆದುರು ಮಾತ್ರೆ ನುಂಗಲು ಹಿಂಜರಿಯುತ್ತಾರೆ. ದಿನಗಟ್ಟಲೆ ವಾಂತಿಯಾದರೂ ಯಾರಿಗೂ ಹೇಳುವುದಿಲ್ಲ. ಅದರಿಂದ ಥಯಾಮಿನ್ ಎಂಬ ವಿಟಮಿನ್ನಿನ ಕೊರತೆಯಾಗಿ ನರಗಳಿಗೇ ಅಪಾಯವಾಗಬಹುದು. ಎರಡು ವರ್ಷಗಳ ಬಳಿಕ ತೂಕ ಸ್ವಲ್ಪ ಮರಳುವುದು ಅನೇಕರ ಅನುಭವ. ಗುಟ್ಟಾಗಿಟ್ಟವರು ಅದನ್ನು ತಮ್ಮ ಸೋಲೆಂದೇ ಭಾವಿಸಿ, ವೈದ್ಯರ ಬಳಿ ಹೋಗುವುದನ್ನೂ ನಿಲ್ಲಿಸುತ್ತಾರೆ. ಚಿಕಿತ್ಸೆ ಕೈಬಿಡುವ ಮುನ್ನವೇ ಸಂಗಡಿಗರಿಲ್ಲದ ಒಂಟಿತನ ಅವರನ್ನು ಕುಗ್ಗಿಸಿರುತ್ತದೆ.

ದಾರಿ ನಡೆದವರೇ ದಾರಿ ತೋರುವವರು

ನಮಗೆ ಪರಿಚಿತರಾದ ಆ ಸಹೋದರಿಗೆ ಧೈರ್ಯ ತುಂಬಿದವರು ನೆರೆಯ ಧರ್ಮಕೇಂದ್ರದ ಇನ್ನೊಬ್ಬ ಮಹಿಳೆ. ಅವರಿಗೆ ಇದೇ ಶಸ್ತ್ರಚಿಕಿತ್ಸೆ ನಾಲ್ಕು ವರ್ಷಗಳ ಹಿಂದೆ ಆಗಿತ್ತು. ಔಷಧಿಯಂಗಡಿಯಲ್ಲಿ ಇಬ್ಬರೂ ಒಂದೇ ಮಾತ್ರೆಯನ್ನು ಕೇಳಿದಾಗ ಪರಿಚಯವಾಯಿತಂತೆ. ಅವರು ದೊಡ್ಡ ಉಪದೇಶವನ್ನೇನೂ ಮಾಡಲಿಲ್ಲ. ಸಣ್ಣ ತಟ್ಟೆಯಲ್ಲಿ ಊಟ ಬಡಿಸಿಕೊಳ್ಳುವುದು, ಮೊದಲು ಮೀನು ಅಥವಾ ಮೊಟ್ಟೆ ತಿಂದು ಅನ್ನವನ್ನು ಕೊನೆಗಿಡುವುದು, ಮದುವೆಗೆ ಹೊರಡುವ ಮುನ್ನ ಮನೆಯಲ್ಲಿ ಸ್ವಲ್ಪ ತಿನ್ನುವುದು, ಒತ್ತಾಯಿಸುವವರಿಗೆ "ವೈದ್ಯರು ಹೇಳಿದಷ್ಟು ತಿನ್ನುತ್ತಿದ್ದೇನೆ" ಎಂದು ನಗುತ್ತಲೇ ಹೇಳುವುದು ಇಷ್ಟನ್ನೇ ಕಲಿಸಿದರು. ಕನ್ನಡಿಯಲ್ಲಿ ಕಾಣುವ ಸಡಿಲ ಚರ್ಮವನ್ನು ನೋಡಿ ಅತ್ತ ದಿನ ಫೋನಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೇಳಿಸಿಕೊಂಡರು. ವೈದ್ಯರು ನೀಡಲಾಗದ್ದನ್ನು, ಗಂಡನಿಗೆ ಪ್ರೀತಿಯಿದ್ದರೂ ತಿಳಿಯದ್ದನ್ನು, ಆ ಹಾದಿಯನ್ನು ನಡೆದು ಬಂದವರು ನೀಡಬಲ್ಲರು.

ಇದು ನಮ್ಮ ಧರ್ಮಸಭೆಗೆ ಹೊಸ ವಿಚಾರವಲ್ಲ. ಕುಡಿತದಿಂದ ಬಿಡುಗಡೆ ಬಯಸುವವರ ಎ.ಎ. ಬಳಗ 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಹುಟ್ಟಿದಾಗ, ಇಬ್ಬರು ಕುಡುಕರು ಪರಸ್ಪರ ಮನಬಿಚ್ಚಿ ಮಾತನಾಡಿದ್ದೇ ಅದರ ಬುನಾದಿಯಾಯಿತು. ಕುಡುಕರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದ ಆ ಕಾಲದಲ್ಲಿ, ಅದೇ ನಗರದ ಸಂತ ಥಾಮಸ್ ಆಸ್ಪತ್ರೆಯ ಬಾಗಿಲನ್ನು 1939ರಲ್ಲಿ ಅವರಿಗಾಗಿ ತೆರೆದವರು ಧರ್ಮಭಗಿನಿ ಇಗ್ನೇಷಿಯಾ. ಇಂದು ನಮ್ಮ ಚರ್ಚುಗಳ ಆವರಣದಲ್ಲಿ ಎ.ಎ. ಸಭೆಗಳು ನಡೆಯುವುದನ್ನು ಯಾರೂ ವಿಚಿತ್ರವೆಂದು ಭಾವಿಸುವುದಿಲ್ಲ. ಅದೇ ಔದಾರ್ಯವನ್ನು ಈ ನೋವಿಗೂ ತೋರಿದರೆ ತಪ್ಪೇನು?

ನಮ್ಮ ಸಲಹೆಗಳು

ಒಂದೇ ಧರ್ಮಕೇಂದ್ರದಲ್ಲಿ ಇಂತಹವರು ಒಬ್ಬಿಬ್ಬರಷ್ಟೇ ಇರಬಹುದು. ಆದುದರಿಂದ ವಲಯ ಮಟ್ಟದಲ್ಲಿ, ತಿಂಗಳಿಗೊಮ್ಮೆ, ಭಾನುವಾರದ ಬಲಿಪೂಜೆಯ ಬಳಿಕ ಒಂದು ಕೊಠಡಿ ದೊರೆತರೆ ಸಾಕು. ನಾಲ್ಕು ಮಂದಿ ಸೇರಿದರೂ ಅದು ಸಭೆಯೇ. ಯಾರ ಹೆಸರನ್ನೂ ಪ್ರಕಟಣೆಯಲ್ಲಿ ಓದಬಾರದು. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಯಾರು ಎಷ್ಟು ಕಿಲೋ ಇಳಿಸಿದರೆಂಬ ಪೈಪೋಟಿಯೂ ಕೂಡದು. ವರ್ಷದಲ್ಲಿ ಒಂದೆರಡು ಬಾರಿ ಪೌಷ್ಟಿಕಾಂಶ ತಜ್ಞರನ್ನೋ ದಾದಿಯಾಗಿ ಸೇವೆ ಸಲ್ಲಿಸುತ್ತಿರುವ ಧರ್ಮಭಗಿನಿಯನ್ನೋ ಕರೆಯಬಹುದು. ಮನೆಯಲ್ಲಿ ಅಡುಗೆ ಮಾಡುವವರಿಗಾಗಿ ಒಂದು ದಿನವನ್ನು ಮೀಸಲಿಡುವುದು ಅತ್ಯಗತ್ಯ. ಔಷಧಿಯನ್ನು ಬದಲಿಸುವ ಅಥವಾ ನಿಲ್ಲಿಸುವ ಸಲಹೆಯನ್ನು ಮಾತ್ರ ಯಾರೂ ಯಾರಿಗೂ ನೀಡಕೂಡದು. ಅದು ವೈದ್ಯರ ಕೆಲಸ. ಮನಸ್ಸು ಬಹಳ ಕುಗ್ಗಿದವರನ್ನು ಮನೋವೈದ್ಯರಲ್ಲಿಗೆ ಕರೆದೊಯ್ಯಲು ಜೊತೆಗಾರರು ತಡಮಾಡಬಾರದು.

ತಪಸ್ಸುಕಾಲದ ಉಪವಾಸದ ಬಗ್ಗೆಯೂ ಒಂದು ಮಾತು. ಉಪವಾಸದ ನಿಯಮ 18ರಿಂದ 59 ವಯಸ್ಸಿನವರಿಗೆ ಅನ್ವಯಿಸುತ್ತದೆಯಾದರೂ ರೋಗಿಗಳಿಗೆ ಅದರಿಂದ ವಿನಾಯಿತಿಯಿದೆ. ಪರಮಪ್ರಸಾದದ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರು ಅಥವಾ ಔಷಧಿ ಮುರಿಯುವುದಿಲ್ಲ. ಆದುದರಿಂದ ಬಲಿಪೂಜೆಗೆ ಬರುವ ಮುನ್ನ ಗುಟುಕು ನೀರು ಕುಡಿಯಲು ಯಾರೂ ಅಳುಕಬೇಕಾಗಿಲ್ಲ. ಸಂಶಯವಿದ್ದವರು ಧರ್ಮಗುರುಗಳನ್ನು ಕೇಳಲಿ. ಊಟವನ್ನು ಬಿಡಲಾಗದವರು ಪ್ರಾರ್ಥನೆ, ದಾನಧರ್ಮಗಳ ಮೂಲಕ ತಪಸ್ಸನ್ನು ಆಚರಿಸಬಹುದು.

ಉಳಿದ ನಮಗೆಲ್ಲ ಇರುವ ಕೆಲಸ ಇನ್ನೂ ಸರಳ. ಯಾರ ದೇಹದ ಬಗೆಗೂ, ದಪ್ಪವೆಂದಾಗಲಿ ಸಣ್ಣವೆಂದಾಗಲಿ, ಮಾತನಾಡದಿರೋಣ. ಒಮ್ಮೆ ಬೇಡವೆಂದವರಿಗೆ ಎರಡನೆಯ ಬಾರಿ ಬಡಿಸದಿರೋಣ.

ಪುನರುತ್ಥಾನದ ದಿನ ಎಮ್ಮಾವು ಎಂಬ ಹಳ್ಳಿಗೆ ಇಬ್ಬರು ಶಿಷ್ಯರು ಭಾರವಾದ ಮನಸ್ಸಿನಿಂದ ನಡೆದುಹೋಗುತ್ತಿದ್ದರು. ಪ್ರಭು ಯೇಸು ಅವರ ಜೊತೆಗೂಡಿದಾಗ ಮೊದಲು ಅವರ ಮಾತನ್ನು ಕೇಳಿದರು, ಅನಂತರ ತಾವು ಮಾತನಾಡಿದರು. ಶಿಷ್ಯರು ಅವರ ಗುರುತು ಹಿಡಿದದ್ದು ರೊಟ್ಟಿ ಮುರಿದ ಆ ಗಳಿಗೆಯಲ್ಲಿ. ಪ್ರತಿ ಭಾನುವಾರ ನಾವು ಸ್ವೀಕರಿಸುವ ಪರಮಪ್ರಸಾದವೂ ಒಂದು ಸಣ್ಣ ತುಣುಕೇ. ಆದರೂ ಆ ಔತಣದಲ್ಲಿ ಯಾರಿಗೂ ಕಡಿಮೆಯಾಯಿತೆಂದು ನಾವು ಹೇಳುವುದಿಲ್ಲ. ಮುಂಬರುವ ಹಬ್ಬದ ಪಂಕ್ತಿಯಲ್ಲಿ ಅರ್ಧ ಸನ್ನದ ತಟ್ಟೆಯ ಮುಂದೆ ಕುಳಿತವರನ್ನು ಕಂಡಾಗ ಇದು ನಮ್ಮ ನೆನಪಿಗೆ ಬರಲಿ. ಅವರ ಪಕ್ಕದಲ್ಲಿ ಕುಳಿತು ಬೇರೇನಾದರೂ ಮಾತನಾಡುತ್ತಾ, ಅವರು ಉಂಡು ಮುಗಿಸುವವರೆಗೆ ಎದ್ದುಹೋಗದೆ ಇರೋಣ.